22 ವರ್ಷ ಕ್ಯಾಮೆರಾ ಹಿಂದೆ, ಈಗ ನಿರ್ದೇಶನ: ಕಲ್ಯಾಣದ ಹೆಂಡತಿಯ ಒಡವೆ ಯಾರದು?

ಕತ್ತಲೆಕೋಣೆ · ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಬರೀ ಓದುವ ಗಿರಾಕಿ, ಬರೆಯುವವನಲ್ಲ. ಇವತ್ತು ಬೇರೆ ದಾರಿ ಇಲ್ಲ.

ನನ್ನ ಕೆಲಸ ಕ್ಯಾಮೆರಾ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತೆ. ಐದಾರು ವರ್ಷ ಬೇರೆಯವರ ಕ್ಯಾಮೆರಾಗೆ ಫೋಕಸ್ ಎಳೆದೆ. ಆಮೇಲೆ ಸ್ವಂತವಾಗಿ ಧಾರಾವಾಹಿ, ಜಾಹೀರಾತು, ನಡುನಡುವೆ ಸಿನಿಮಾ. ಒಟ್ಟು 22 ವರ್ಷ. ಈಗ ಮೊದಲ ಸಲ ನಿರ್ದೇಶನಕ್ಕೆ ಇಳಿದಿದ್ದೇನೆ. ಕಥೆಯೂ ನನ್ನದೇ.

ಊರು ಕಲ್ಯಾಣ, ಈಗಿನ ಬಸವಕಲ್ಯಾಣ. 12ನೇ ಶತಮಾನದ ಶುರು, ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾನೆ. ಒಬ್ಬ ಬಟ್ಟೆ ವ್ಯಾಪಾರಿಗೆ ಬಂಡವಾಳ ಸಾಲದು. ಹೆಂಡತಿಯ ಒಡವೆಯನ್ನು ಒತ್ತೆ ಇಟ್ಟು, ಎತ್ತುಗಳ ಮೇಲೆ ಸರಕು ಹೇರಿಕೊಂಡು ಪಡುವಣ ಕರಾವಳಿಗೆ ಹೊರಡುತ್ತಾನೆ. ಮುಂದಿನದು ಸದ್ಯ ಬೇಡ.

ದುಡ್ಡು ಹಾಕುವವರಿಗೆ ತೋರಿಸಲು ಒಂದೇ ಒಂದು ದೃಶ್ಯ ಚಿತ್ರೀಕರಿಸಿದೆವು. ರಾಜರಾಜೇಶ್ವರಿ ನಗರದ ಆಚೆ ಒಂದು ತಗಡಿನ ಶೆಡ್ಡು, ಒಳಗೆ ಮಣ್ಣುಗೋಡೆಯ ಸೆಟ್ಟು. ರಾತ್ರಿ. ಒಂದೇ ದೀಪ. ಮೂರು ಬತ್ತಿ ಹೊಸೆದು ಒಂದು ಮಾಡಿದ್ದೆ. ಹಣತೆಯ ಹಿಂದೆ ಹೆಬ್ಬೆರಳು ಗಾತ್ರದ ಎಲ್‌ಇಡಿ ಬಚ್ಚಿಟ್ಟು ಡಿಮ್ಮರ್‌ಗೆ ಹಾಕಿದ್ದೆ. ಗಂಡ ಪೆಟ್ಟಿಗೆ ತೆಗೆಯುತ್ತಾನೆ. ಅವನ ನೆರಳು ಅವಳ ಮುಖದ ಮೇಲೆ ಹಾದು ಹೋಗುತ್ತದೆ. ಅವಳು ಗೋಡೆ ಕಡೆ ತಿರುಗುತ್ತಾಳೆ. ಕಣ್ಣೀರು ದೀಪಕ್ಕೆ ಮಿಂಚಬೇಕು. ಆ ಮಿಂಚಿಗೆ ಒಂಬತ್ತು ಟೇಕ್ ಆಯಿತು.

ಹತ್ತನೇದಕ್ಕೆ ಮೊದಲು ಹೆಂಡತಿಯ ಪಾತ್ರದ ಹುಡುಗಿ ಕೇಳಿದಳು: "ಸರ್, ಒಂದು ಡೌಟು. ಈ ಒಡವೆ ನನ್ನದಾ, ಅವನದಾ? ನನ್ನದಾದರೆ ನಾನು ಗೋಡೆಗೆ ಮುಖ ಮಾಡಿ ಯಾಕೆ ಅಳಬೇಕು? ಅವನದಾದರೆ ಅಳೋಕೇನಿದೆ?"

ನಾನು ಅಂದೆ, "ಆ ಕಡೆ ಬೆಳಕು ಚೆನ್ನಾಗಿ ಬೀಳುತ್ತಮ್ಮ."

ಯೂನಿಟ್ಟೆಲ್ಲ ನಕ್ಕಿತು. ಆ ಹುಡುಗಿ ನಗಲಿಲ್ಲ. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಆ ಕಾಲದಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಅನ್ನುವುದು ಏನಾದರೂ ಇತ್ತಾ? ಗೊತ್ತಿದ್ದವರು ಹೇಳಿ. ಕ್ಯಾಮೆರಾದಿಂದ ಈ ಕಡೆ ದಾಟಿದವರು ಯಾರಾದರೂ ಇದ್ದರೆ ಅವರೂ ಎರಡು ಮಾತು ಹೇಳಿ.

ಬಸವನಗುಡಿ ಬೋಂಡ · ರಾತ್ರಿ 11:58

ಬೆಳಕು ಚೆನ್ನಾಗಿದೆ ಅಂತ ನಾಯಕಿಯನ್ನು ಅಳಿಸಿದ ಮೊದಲನೆಯವರು ನೀವಲ್ಲ ಬಿಡಿ ಸರ್. ನಮ್ಮಲ್ಲಿ ಅರ್ಧ ಸಿನಿಮಾ ಹಾಗೇ ಆಗಿದೆ.

ಕಲ್ಲುಹಲಗೆ · ಸೋಮವಾರ ಬೆಳಿಗ್ಗೆ 6:15

ನಾನು ನಿವೃತ್ತ ಇತಿಹಾಸ ಟೀಚರ್. ಮಲ್ಲೇಶ್ವರದಲ್ಲಿದ್ದೇನೆ. ಬೆಳಿಗ್ಗೆ ಕಾಫಿಗೆ ಮುಂಚೆ ನಿಮ್ಮ ಪೋಸ್ಟ್ ಓದಿದೆ, ಕಾಫಿ ಆರಿ ಹೋಯಿತು.

ನೀವು ಗೊತ್ತಿಲ್ಲದೆ ಎಂಥ ಊರು, ಎಂಥ ಕಾಲ ಆರಿಸಿಕೊಂಡಿದ್ದೀರಿ ನೋಡಿ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126. ಅದೇ ಊರಲ್ಲಿ, ಅದೇ ರಾಜನ ಕಾಲದಲ್ಲಿ ವಿಜ್ಞಾನೇಶ್ವರ ಕೂತು 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಮುಂದೆ ಬಂಗಾಳದ ಕಡೆ ಬಿಟ್ಟರೆ ಹೆಚ್ಚು ಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಅದೇ ಆಧಾರವಾಯಿತು. ಕೊನೆಯಲ್ಲಿ ಆತ ತನ್ನ ಊರನ್ನು ಹೊಗಳುತ್ತಾನೆ. ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ ಅಂತ. ನಿಮ್ಮ ವ್ಯಾಪಾರಿಯ ಮನೆಯಿಂದ ನಾಲ್ಕು ಬೀದಿ ಆಚೆ ಆ ಓಲೆಗರಿಗಳ ಮೇಲೆ ಬರೆಯುವ ಕಂಟ ಓಡುತ್ತಿತ್ತು ಅಂದುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ. ಒಡವೆ ಅವಳದು. ಅಪ್ಪ, ಅಮ್ಮ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು, ಗಂಡ ಎರಡನೇ ಮದುವೆಯಾದರೆ ಮೊದಲನೆಯವಳಿಗೆ ಕೊಡಬೇಕಾದದ್ದು, ಇದೆಲ್ಲ ಸ್ತ್ರೀಧನ ಅಂತ ಮೂಲ ಶ್ಲೋಕವೇ ಹೇಳುತ್ತದೆ. ಆ ಪಟ್ಟಿಯ ಕೊನೆಗೆ 'ಆದ್ಯ' ಅಂತ ಒಂದು ಪದವಿದೆ. 'ಮೊದಲಾದವು' ಅನ್ನುತ್ತೇವಲ್ಲ, ಅದು. ವಿಜ್ಞಾನೇಶ್ವರ ಆ ಒಂದು ಪದವನ್ನು ಹಿಡಿದು ಬಾಗಿಲು ಪೂರ್ತಿ ತೆರೆದುಬಿಟ್ಟ. ವಾರಸುದಾರಿಕೆಯಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಸಿಕ್ಕಿದ್ದು, ಎಲ್ಲವೂ ಸ್ತ್ರೀಧನವೇ ಅಂದ.

ಗಂಡ ಅದನ್ನು ಮುಟ್ಟಬಹುದಾ? ಮುಟ್ಟಬಹುದು. ಬರ ಬಂದಾಗ, ಮಾಡಲೇಬೇಕಾದ ಧರ್ಮಕಾರ್ಯಕ್ಕೆ, ಕಾಯಿಲೆಗೆ, ಇಲ್ಲವೇ ಅವನನ್ನು ಹಿಡಿದು ಸೆರೆ ಹಾಕಿದಾಗ. ಈ ನಾಲ್ಕಕ್ಕೆ ತೆಗೆದುಕೊಂಡರೆ ವಾಪಸ್ ಕೊಡುವ ಬಾಧ್ಯತೆ ಇಲ್ಲ. ಬೇರೆ ಯಾವುದಕ್ಕೆ ತೆಗೆದುಕೊಂಡರೂ ಕೊಡಬೇಕು.

ಬಟ್ಟೆ ವ್ಯಾಪಾರ ಆ ನಾಲ್ಕರಲ್ಲಿ ಇಲ್ಲ ಸರ್.

ಕತ್ತಲೆಕೋಣೆ · ಬೆಳಿಗ್ಗೆ 6:50

ಮೇಡಂ, ಎರಡು ಸಲ ಓದಿದೆ. ಅಂದರೆ ನನ್ನ ಹೀರೋ ಸಾಲಗಾರ, ಅದೂ ಹೆಂಡತಿಗೆ. ಸ್ಕ್ರಿಪ್ಟ್‌ನಲ್ಲಿ ಅವನನ್ನು ತ್ಯಾಗಮಯಿ ಅಂತ ಬರೆದಿದ್ದೇನೆ.

ಬಸವನಗುಡಿ ಬೋಂಡ · ಬೆಳಿಗ್ಗೆ 7:02

ತ್ಯಾಗ ಯಾರದು, ಕ್ರೆಡಿಟ್ ಯಾರಿಗೆ!

ಗಾಂಧಿನಗರ ಗಿರಾಕಿ · ಬೆಳಿಗ್ಗೆ 10:20

ನಾನು ಪ್ರೊಡಕ್ಷನ್ ಮ್ಯಾನೇಜರ್, 30 ವರ್ಷದಿಂದ. ಒಡವೆ ವಿಷಯ ಟೀಚರಮ್ಮ ನೋಡಿಕೊಳ್ಳಲಿ. ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ.

ಕ್ಯಾಮೆರಾಮನ್ ನಿರ್ದೇಶಕನಾದರೆ ನಮಗೆ ಒಂದು ಲಾಭ, ಒಂದು ತಲೆನೋವು. ಲಾಭ ಏನಪ್ಪಾ ಅಂದರೆ, ಯಾವ ಶಾಟ್‌ಗೆ ಎಷ್ಟು ಹೊತ್ತು ಬೇಕು ಅಂತ ಅವನಿಗೆ ಗೊತ್ತು. ಸೂರ್ಯ ಎಲ್ಲಿದ್ದಾನೆ ನೋಡಿಯೇ ಕಾಲ್‌ಶೀಟ್ ಹಾಕುತ್ತಾನೆ. ತಲೆನೋವು ಏನು ಅಂದರೆ, ಎಲ್ಲರೂ ರೆಡಿಯಾಗಿ ಕೂತಿರುತ್ತಾರೆ, ಇವನು ಹಿಂದಿನ ಗೋಡೆಯ ಮೇಲಿನ ಒಂದು ನೆರಳಿಗೆ ಮುಕ್ಕಾಲು ಗಂಟೆ ತಗೊಳ್ಳುತ್ತಾನೆ. ಆರ್ಟಿಸ್ಟ್ ಹತ್ತಿರ ಹೋಗಿ ಮಾತಾಡುವುದು ಬಿಟ್ಟು ಲೈಟ್ ಬಾಯ್ ಹತ್ತಿರ ಹೋಗಿ ಮಾತಾಡುತ್ತಾನೆ. ಅವನಿಗೆ ಅಲ್ಲೇ ಆರಾಮು.

ನಮ್ಮಲ್ಲಿ ಇದಕ್ಕೆ ಹಳೇ ಮದ್ದು ಒಂದಿತ್ತು. ದೊರೈ–ಭಗವಾನ್ ಜೋಡಿ ನೆನಪಿದೆಯಾ? 1968ರ 'ಜೇಡರ ಬಲೆ'ಯಿಂದ ಜೊತೆಯಾಗಿ ನಿರ್ದೇಶನ ಮಾಡಿದರು. ದೊರೈ ಮೂಲತಃ ಕ್ಯಾಮೆರಾದವರು. ಪಕ್ಕದಲ್ಲಿ ಇನ್ನೊಂದು ತಲೆ ಇತ್ತು. ನಿಮ್ಮ ಪಕ್ಕ ಯಾರಿದ್ದಾರೆ? ಈಗ ಕ್ಯಾಮೆರಾ ಯಾರು ಮಾಡುತ್ತಿದ್ದಾರೆ?

ಕತ್ತಲೆಕೋಣೆ · ಬೆಳಿಗ್ಗೆ 10:31

ನಾನೇ.

ಗಾಂಧಿನಗರ ಗಿರಾಕಿ · ಬೆಳಿಗ್ಗೆ 10:33

ಅಲ್ಲಿಗೆ ಮುಗೀತು.

ಎರಡನೇ ಅಸಿಸ್ಟೆಂಟ್ · ಮಧ್ಯಾಹ್ನ 1:10

ಗಿರಾಕಿ ಸರ್, ಅಷ್ಟು ಬೇಗ ಮುಗಿಸಬೇಡಿ. ಬಾಲು ಮಹೇಂದ್ರ ಕ್ಯಾಮೆರಾದಿಂದ ಬಂದವರು. ಅವರು ಮೊದಲು ನಿರ್ದೇಶಿಸಿದ್ದು ಕನ್ನಡ ಸಿನಿಮಾನೇ, 1977ರ 'ಕೋಕಿಲ'. ಕ್ಯಾಮೆರಾನೂ ಅವರದೇ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದು ನಮ್ಮ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ, 1962ರಲ್ಲಿ ಮುಗಿಸಿದರು. 1980ರಲ್ಲಿ ಮೊದಲ ಸಿನಿಮಾ ನಿರ್ದೇಶಿಸಿದಾಗ ಅವರೂ ಕ್ಯಾಮೆರಾ ಬಿಟ್ಟುಕೊಡಲಿಲ್ಲ. ಸಂತೋಷ್ ಶಿವನ್ ಕೂಡ ಹಾಗೇ, 'ಅಶೋಕ'ದಂಥ ಚಾರಿತ್ರಿಕ ಸಿನಿಮಾದಲ್ಲೂ.

ಗಾಂಧಿನಗರ ಗಿರಾಕಿ · ಮಧ್ಯಾಹ್ನ 1:45

ಮರಿ, ಅವರೆಲ್ಲ ಬಾಲು ಮಹೇಂದ್ರ, ನಿಹಲಾನಿ. ಇನ್ನೊಂದು ಉದಾಹರಣೆ ನಾನು ಕೊಡುತ್ತೇನೆ. 'ಮುಂಗಾರು ಮಳೆ'ಗೆ ಕ್ಯಾಮೆರಾ ಮಾಡಿದ ಎಸ್. ಕೃಷ್ಣ 2014ರಲ್ಲಿ 'ಗಜಕೇಸರಿ' ನಿರ್ದೇಶನ ಮಾಡಿದರು. ಕ್ಯಾಮೆರಾ ಸತ್ಯ ಹೆಗಡೆಗೆ ಕೊಟ್ಟರು. ಅದೂ ಒಂದು ದಾರಿ. ಅದಕ್ಕೂ ಧೈರ್ಯ ಬೇಕು. ನಿನ್ನ ಕಣ್ಣನ್ನು ಇನ್ನೊಬ್ಬನ ಕೈಗೆ ಕೊಟ್ಟು ನೀನು ಮಾನಿಟರ್ ಮುಂದೆ ಕೈಕಟ್ಟಿ ಕೂರಬೇಕು.

ಹಳೇ ಲೆನ್ಸು · ಸೋಮವಾರ ಸಂಜೆ 5:30

ನಾನೂ ಕ್ಯಾಮೆರಾದವನೇ. ಎರಡು ಸಾಕ್ಷ್ಯಚಿತ್ರ ನಿರ್ದೇಶಿಸಿ ವಾಪಸ್ ಕ್ಯಾಮೆರಾಗೆ ಬಂದವನು. ಒಂದು ಮಾತು ಹೇಳುತ್ತೇನೆ ಕತ್ತಲೆಕೋಣೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಸುಬಲ್ಲಿ ಪ್ರಶ್ನೆ ಬರುವುದು 'ಹೇಗೆ' ಅಂತ. ರಾತ್ರಿಯನ್ನು ಹೇಗೆ ತೋರಿಸುವುದು, ಮುಖ ಎಷ್ಟು ಕಾಣಬೇಕು, ಎಷ್ಟು ಬಿಡಬೇಕು. 'ಯಾಕೆ' ಅನ್ನುವುದು ನಿರ್ದೇಶಕರ ತಲೆನೋವು. ನಾವು ಬೆಳಿಗ್ಗೆ ಸೆಟ್‌ಗೆ ಹೋಗುವ ಹೊತ್ತಿಗೆ ಆ 'ಯಾಕೆ' ಯಾರೋ ಮುಗಿಸಿ ಇಟ್ಟಿರುತ್ತಾರೆ. ನಾವು ಈ ಕಡೆ ದಾಟಿದಾಗ ಅದನ್ನು ಯಾರೂ ಮುಗಿಸಿಟ್ಟಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ಖಾಲಿ ಜಾಗದಲ್ಲಿ ಚೆಂದದ ಬೆಳಕು ತುಂಬುತ್ತೇವೆ. ನನಗೆ ಆದದ್ದು ಇದೇ. ಸಾಕ್ಷ್ಯಚಿತ್ರದಲ್ಲಿ ಒಬ್ಬ ನೇಕಾರರು ತಮ್ಮ ಸಾಲದ ಕಥೆ ಹೇಳುತ್ತಿದ್ದರು, ನಾನು ಮಗ್ಗದ ಎಳೆಗಳ ನಡುವೆ ಬರುತ್ತಿದ್ದ ಬಿಸಿಲು ನೋಡುತ್ತಿದ್ದೆ. ಎಡಿಟಿಂಗ್‌ನಲ್ಲಿ ಕೂತಾಗ ಬಿಸಿಲು ಇದೆ, ಸಾಲ ಎಷ್ಟು ಅಂತ ಕೇಳಿಯೇ ಇಲ್ಲ.

ಮೈಸೂರಿನ ವಿ.ಕೆ. ಮೂರ್ತಿ ನಮ್ಮೆಲ್ಲರ ದೇವರು. 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ಕಂಬದ ಹಾಗೆ ಇಳಿಸಿದರು. ಆ ಕಂಬದ ಕೆಳಗೆ ಯಾರು ನಿಲ್ಲಬೇಕು, ಯಾಕೆ ನಿಲ್ಲಬೇಕು ಅನ್ನುವುದಕ್ಕೆ ಪಕ್ಕದಲ್ಲಿ ನಿರ್ದೇಶಕ ಗುರುದತ್ ಇದ್ದರು.

ಆ ಹುಡುಗಿ ನಿಮ್ಮ ಸೆಟ್‌ನಲ್ಲಿ ನಿರ್ದೇಶಕರ ಕೆಲಸ ಮಾಡಿದ್ದಾಳೆ. ಅವಳಿಗೊಂದು ಥ್ಯಾಂಕ್ಸ್ ಹೇಳಿ.

ಸಿವಿಲ್ ಕೇಸು · ಸೋಮವಾರ ರಾತ್ರಿ 9:05

ವಕೀಲ ನಾನು. ದಿನಾ ಸಿವಿಲ್ ಕೋರ್ಟ್ ಮೆಟ್ಟಿಲು ಹತ್ತಿ ಇಳಿಯುವುದೇ ಕೆಲಸ. ಕಲ್ಲುಹಲಗೆ ಮೇಡಂ ಹೇಳಿದ್ದು ಸರಿ. ಆದರೆ ಅದನ್ನು ಓದಿ ಯಾರೂ ಕಲ್ಯಾಣವನ್ನು ಹೆಣ್ಣುಮಕ್ಕಳ ಸ್ವರ್ಗ ಅಂದುಕೊಳ್ಳಬಾರದು. ಹಾಗಾಗಿ ಸ್ವಲ್ಪ ಹುಳಿ ಹಿಂಡುತ್ತೇನೆ.

ಗಂಡ ಬದುಕಿದ್ದಾಗ ತಾನೇ ಆಸ್ತಿಯನ್ನು ಮಕ್ಕಳಿಗೆ ಸಮವಾಗಿ ಹಂಚಿದರೆ, ಸ್ತ್ರೀಧನ ಸಿಗದ ಹೆಂಡತಿಗೂ ಮಗನಷ್ಟೇ ಪಾಲು. ಸರಿ. ಆದರೆ 'ಪಾಲು ಮಾಡಿ' ಅಂತ ಅವಳು ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಗಂಡುಮಕ್ಕಳಿಲ್ಲದೆ ಗಂಡ ಸತ್ತರೆ ವಾರಸುದಾರರಲ್ಲಿ ಮೊದಲ ಹೆಸರು ಹೆಂಡತಿಯದು. ಅದೂ ಸರಿ. ಆದರೆ ಆತ ಅಣ್ಣತಮ್ಮಂದಿರಿಂದ ಪಾಲಾಗಿ ಬೇರೆ ಇದ್ದರೆ ಮಾತ್ರ. ಒಟ್ಟು ಕುಟುಂಬದಲ್ಲಿದ್ದು ಸತ್ತರೆ ಅವಳಿಗೆ ಅನ್ನ ಬಟ್ಟೆ, ಅಷ್ಟೇ.

ಕಾತ್ಯಾಯನ ಅಂತ ಇನ್ನೊಬ್ಬ ಸ್ಮೃತಿಕಾರ ಇದ್ದಾನೆ. ಅವನ ಮಾತು ಬಹಳ ವಿಚಿತ್ರ. ಉಡುಗೊರೆಯಾಗಿ ತವರಿನಿಂದ ಬಂದದ್ದು ಅವಳದು. ಆದರೆ ಕೈಕಸುಬಿನಿಂದ ಅವಳು ದುಡಿದದ್ದರ ಮೇಲೆ ಗಂಡನ ಒಡೆತನ. ನಿಮ್ಮ ವ್ಯಾಪಾರಿಯ ಹೆಂಡತಿ ರಾತ್ರಿಯೆಲ್ಲ ನೂಲು ತೆಗೆದು ನಾಲ್ಕು ಹಾಗ (ಆಗಿನ ಚಿಕ್ಕ ನಾಣ್ಯ) ಸಂಪಾದಿಸಿದರೆ ಅದರ ಮೇಲೆ ಗಂಡನ ಕೈ. ಅಮ್ಮ ಕೊಟ್ಟ ಕಿವಿಯೋಲೆ ಮಾತ್ರ ಅವಳದು. ನನ್ನನ್ನು ಕೇಳಿದರೆ ಸಿನಿಮಾ ಇಲ್ಲಿದೆ.

ಇನ್ನೊಂದು. ಅದೇ ಕಾತ್ಯಾಯನ, ಗಂಡನಾಗಲಿ ಮಗನಾಗಲಿ ಅಪ್ಪನಾಗಲಿ ಅಣ್ಣನಾಗಲಿ ಸ್ತ್ರೀಧನವನ್ನು ಬಲವಂತವಾಗಿ ತಿಂದರೆ ಬಡ್ಡಿ ಸಮೇತ ಕಕ್ಕಬೇಕು, ಮೇಲೆ ದಂಡ ಅನ್ನುತ್ತಾನೆ. ಅವಳ ಒಪ್ಪಿಗೆ ತಗೊಂಡು ಬಳಸಿದರೆ, ಕೈಯಲ್ಲಿ ಕಾಸಾದಾಗ ಅಸಲು ಕೊಟ್ಟರೆ ಸಾಕು.

ಈ ಕಾಲಕ್ಕೆ ಬಂದರೆ, 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಪೂರ್ತಿ ಹೆಂಡತಿಯದು, ಗಂಡನ ಮನೆಯವರು ಇಟ್ಟುಕೊಂಡಿದ್ದರೆ ಅದು ಬರೀ ನಂಬಿಕೆಯ ಮೇಲೆ ಇಟ್ಟದ್ದು ಅಂತ ಹೇಳಿತು. ಒಂಬೈನೂರು ವರ್ಷದ ಹತ್ತಿರ ಆಯಿತು, ಇನ್ನೂ ಅದೇ ಪೆಟ್ಟಿಗೆ ಸುತ್ತ ಜಗಳ. ನನ್ನ ಟೇಬಲ್ ಮೇಲೆ ಈಗಲೂ ಎರಡು ಫೈಲ್ ಇದೆ.

ದೂರದ ದಡ · ರಾತ್ರಿ 9:40

ಸುಮ್ನೆ ಹೋಲಿಕೆಗೆ ಅಂತ. ಅದೇ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಕ್ಷಣವೇ ಹೆಂಡತಿಯ ಚರಾಸ್ತಿ, ಅಂದರೆ ದುಡ್ಡು ದನ ಪಾತ್ರೆ ಎಲ್ಲ, ಗಂಡನದಾಗುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾದಲ್ಲಿ ವಿಧವೆಗೆ ಅವಳ ಪಾಲು ತಡ ಮಾಡದೆ ಕೊಡಿ ಅಂತ ಬರೆದರು. ಗಂಡ ಬದುಕಿರುವಾಗಲೇ ಹೆಂಡತಿಗೆ ತನ್ನದು ಅಂತ ಪೂರ್ತಿ ಆಸ್ತಿ ಸಿಕ್ಕಿದ್ದು 1882ರ ಕಾಯಿದೆಯಿಂದ.

ಸಿವಿಲ್ ಕೇಸು · ರಾತ್ರಿ 9:52

ಅದಕ್ಕೇ ನೋಡಿ, ಅವರೇ ಬಂದು ನಮ್ಮ ಮಿತಾಕ್ಷರವನ್ನು ಓದಿದಾಗ ಎಡವಟ್ಟಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅನ್ನುವ ಇಂಗ್ಲಿಷ್ ವಿದ್ವಾಂಸ ಅದರ ಆಸ್ತಿ ಪಾಲಿನ ಅಧ್ಯಾಯಗಳನ್ನು ಇಂಗ್ಲಿಷಿಗೆ ತಂದ. 1867ರಲ್ಲಿ ಆಗಿನ ಕೊನೆಯ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್, ಗಂಡನಿಂದ ವಾರಸಾಗಿ ಬಂದದ್ದು ಸ್ತ್ರೀಧನ ಅಲ್ಲ ಅಂತ ತೀರ್ಪು ಕೊಟ್ಟಿತು. ವಿಜ್ಞಾನೇಶ್ವರ ತೆರೆದ ಬಾಗಿಲನ್ನು ಲಂಡನ್ನಿನಲ್ಲಿ ಕೂತು ಮುಚ್ಚಿದರು. ಅದು ಸರಿಯಾಗಿ ಮತ್ತೆ ತೆರೆದದ್ದು 1956ರ ಉತ್ತರಾಧಿಕಾರ ಕಾಯಿದೆಯಲ್ಲಿ.

ಬೀದರ್ ಬಿಸಿಲು · ಮಂಗಳವಾರ ಬೆಳಿಗ್ಗೆ 8:00

ನಮ್ಮೂರಿನ ಹೆಸರು ಕಂಡು ಓಡಿ ಬಂದೆ. ಬಸವಕಲ್ಯಾಣದ ಹತ್ತಿರದ ಹಳ್ಳಿಯವನು, ಈಗ ಹೆಬ್ಬಾಳದಲ್ಲಿ ಟ್ರಾಫಿಕ್ ತಿಂದು ಬದುಕುತ್ತಿದ್ದೇನೆ. ಸರ್, ನಿಮ್ಮ ದೀಪದಲ್ಲಿ ಯಾವ ಎಣ್ಣೆ? ಎಳ್ಳೆಣ್ಣೆ ಹಾಕಿದರೆ ಹೊಗೆ ಜಾಸ್ತಿ. ನಮ್ಮಜ್ಜಿ ಕುಸುಬೆ ಎಣ್ಣೆ ಹಾಕುತ್ತಿದ್ದಳು. ನಮ್ಮ ಕರಿಮಣ್ಣಿನಲ್ಲಿ ಕುಸುಬೆ ಬಿಟ್ಟರೆ ಜೋಳ, ಜೋಳ ಬಿಟ್ಟರೆ ಕುಸುಬೆ. ತವರಿಂದ ತಂದ ತಾಮ್ರದ ಹಂಡೆ ಮೇಲೆ ಅಜ್ಜಿಯ ಹೆಸರು ಕೊರೆದಿತ್ತು. ಅಜ್ಜ ಅದನ್ನು ಎಂದೂ 'ನಮ್ಮ ಹಂಡೆ' ಅನ್ನಲಿಲ್ಲ. 'ನಿಮ್ಮಜ್ಜಿ ಹಂಡೆ' ಅನ್ನುತ್ತಿದ್ದ. ಮಿತಾಕ್ಷರ ಅವನು ಓದಿರಲಿಲ್ಲ.

ಕಲ್ಲುಹಲಗೆ · ಬೆಳಿಗ್ಗೆ 8:40

ಹಂಡೆ ಮೇಲಿನ ಹೆಸರು! ಅದೇ ಶಾಸನ ಅಲ್ವಾ.

ವಕೀಲರ ಎಚ್ಚರಿಕೆ ಒಪ್ಪಿದೆ. ಪುಸ್ತಕದಲ್ಲಿ ಇದ್ದದ್ದೆಲ್ಲ ಊರಲ್ಲಿ ನಡೆಯುತ್ತಿತ್ತು ಅನ್ನಲಾಗದು. ಅದಕ್ಕೇ ನಾನು ಕಲ್ಲು ನೋಡುತ್ತೇನೆ. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 1178ರ ಒಂದು ಶಾಸನವಿದೆ. ಊರಲ್ಲಿ ಯಾರಾದರೂ ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಹೆಂಡತಿ, ಹೆಣ್ಣುಮಕ್ಕಳು, ಆಮೇಲೆ ಪಾಲಾದ ತಂದೆತಾಯಿ, ಅಣ್ಣತಮ್ಮಂದಿರು, ಹೀಗೆ ಸಾಲಾಗಿ ಹೇಳಿ, ಅವನ ಎಲ್ಲವನ್ನೂ ಇವರು ತೆಗೆದುಕೊಳ್ಳಲಿ ಅನ್ನುತ್ತದೆ. 'ಎಲ್ಲ' ಅಂದರೆ ಏನು ಅಂತಲೂ ಬಿಡಿಸಿದೆ. ಎರಡು ಕಾಲಿನವು, ನಾಲ್ಕು ಕಾಲಿನವು, ನಾಣ್ಯ, ಧಾನ್ಯ, ಮನೆ, ಹೊಲ. ಎರಡು ಕಾಲಿನವು ಅಂದರೆ ಆಳುಗಳು, ಸರ್. ಆ ಪದ ಓದುವಾಗ ಪ್ರತಿ ಸಲ ನನಗೆ ಎಡವಿದ ಹಾಗಾಗುತ್ತದೆ. ಯಾರೂ ಇಲ್ಲದಿದ್ದರೆ ಮಾತ್ರ ಊರಿನವರು ಅದನ್ನು ಧರ್ಮಕ್ಕೆ ಸೇರಿಸಬೇಕು. ಅಂದರೆ ಪುಸ್ತಕದ ಮಾತು ಅರವತ್ತು ಎಪ್ಪತ್ತು ವರ್ಷದಲ್ಲಿ ಹಳ್ಳಿಯ ಕಲ್ಲಿನ ಮೇಲೂ ಕಾಣುತ್ತಿದೆ.

ದೊಡ್ಡ ಮನೆಯ ಹೆಂಗಸರು ದಾನ ಕೊಟ್ಟದ್ದಂತೂ ಬೇಕಾದಷ್ಟು. ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದಳು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಶಾಂತಲೆ. ಆದರೆ ನನ್ನ ಮೆಚ್ಚಿನವಳು ಮಹಾಕೂಟದ ವಿನಾಪೋಟಿ. ಎಂಟನೇ ಶತಮಾನದ ಹೊತ್ತಿನವಳು, ಬಾದಾಮಿಯ ರಾಜ ವಿಜಯಾದಿತ್ಯನ ಪ್ರಾಣವಲ್ಲಭೆ, ಅಂದರೆ ಪ್ರೇಯಸಿ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿ ಕೊಡೆ, ಮೇಲೆ ಹೊಲ ಕೊಟ್ಟಳು. ಶಾಸನದಲ್ಲಿ ತನ್ನ ಅಮ್ಮನ ಹೆಸರು, ಅಜ್ಜಿಯ ಹೆಸರು ಹಾಕಿಸಿದ್ದಾಳೆ. ಆಕೆ ಯಾರ ಹೆಂಡತಿಯೂ ಅಲ್ಲ. ಕೊಡಲು ಯಾರ ಒಪ್ಪಿಗೆಯೂ ಬೇಕಾದ ಹಾಗೆ ಕಾಣುವುದಿಲ್ಲ.

ಹೆಬ್ಬಾಳದವರಿಗೆ ಒಂದು ತಮಾಷೆ. ಧಾರವಾಡ ಕಡೆಯ ಹೆಬ್ಬಾಳದಲ್ಲಿ 975ರ ಒಂದು ಶಾಸನವಿದೆ. ನಿಮ್ಮ ಫ್ಲೈಓವರ್ ಹೆಬ್ಬಾಳ ಅಲ್ಲ. ರಾಷ್ಟ್ರಕೂಟರ ರೇವಕನಿಮ್ಮಡಿ ಗಂಗರ ಬೂತುಗನನ್ನು ಮದುವೆಯಾದಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70, ಇಷ್ಟು ನಾಡು ಬಳುವಳಿಯಾಗಿ ಹೋಯಿತು ಅಂತ ಅದರಲ್ಲಿದೆ (ಅಂಕಿ ಅಂದರೆ ಆ ನಾಡಿನ ಹಳ್ಳಿಗಳ ಲೆಕ್ಕ). ಆ ನಾಡುಗಳನ್ನು ಆಳಿದ್ದು ಯಾರು? ಅಳಿಯ. ಬಳುವಳಿ ದೊಡ್ಡದಾದಷ್ಟೂ ಅದು ಹೆಣ್ಣಿನ ಕೈ ಬಿಟ್ಟು ದೂರ ಹೋಗುತ್ತದೆ. ಓಲೆಯೇ ವಾಸಿ, ಕಿವಿಯಲ್ಲಿ ಇರುತ್ತದೆ.

ಬಸವನಗುಡಿ ಬೋಂಡ · ಬೆಳಿಗ್ಗೆ 9:15

ಹೆಬ್ಬಾಳ ಫ್ಲೈಓವರನ್ನೂ ಯಾರಿಗಾದರೂ ಬಳುವಳಿಯಾಗಿ ಕೊಟ್ಟುಬಿಡಿ ಪುಣ್ಯ ಬರುತ್ತೆ.

ಎರಡನೇ ಅಸಿಸ್ಟೆಂಟ್ · ಬೆಳಿಗ್ಗೆ 9:30

ಕತ್ತಲೆಕೋಣೆ ಸರ್, ಒಂದು ಕೇಳಲಾ? ಆ ಪೈಲಟ್ ದೃಶ್ಯಕ್ಕೆ ದುಡ್ಡು ಯಾರು ಹಾಕಿದರು?

ಕತ್ತಲೆಕೋಣೆ · ಮಂಗಳವಾರ ರಾತ್ರಿ 11:20

ಬೆಳಿಗ್ಗೆಯೇ ಈ ಪ್ರಶ್ನೆ ನೋಡಿದೆ. ಇಡೀ ದಿನ ಉತ್ತರ ಬರೆಯಲಿಲ್ಲ.

ದುಡ್ಡು ಹಾಕುತ್ತೇನೆ ಅಂದಿದ್ದ ಒಬ್ಬರು ಸೆಟ್ಟು ಅರ್ಧ ಎದ್ದಾಗ ಫೋನ್ ಎತ್ತುವುದು ನಿಲ್ಲಿಸಿದರು. ಬಡಗಿಗೆ, ಮಣ್ಣು ಮೆತ್ತಿದವರಿಗೆ ದುಡ್ಡು ಕೊಡಬೇಕಿತ್ತು. ನನ್ನ ಹೆಂಡತಿಯ ಎರಡೆಳೆ ಅವಲಕ್ಕಿ ಸರ, ನಾಲ್ಕು ಬಳೆ ಗಿರವಿ ಇಟ್ಟೆವು. 'ಇಟ್ಟೆವು' ಅಂದೆ. ಇಟ್ಟದ್ದು ನಾನು.

ಕಸಿದುಕೊಳ್ಳಲಿಲ್ಲ. ಕೇಳಿದೆ. ಅವಳು ಬೀರು ತೆಗೆದು ಡಬ್ಬಿ ಕೈಗೆ ಕೊಟ್ಟು "ತಗೊಳ್ಳಿ" ಅಂದು ಅಡುಗೆಮನೆಗೆ ಹೋದಳು. ಇದನ್ನು ನಾನು ಒಪ್ಪಿಗೆ ಅಂದುಕೊಂಡೆ. ಈಗ ನಾಲ್ಕು ದಿನದಿಂದ ಅದು ಒಪ್ಪಿಗೆಯಾ ಅಂತ ಯೋಚಿಸುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಸ್ಕ್ರಿಪ್ಟ್‌ನ ಆ ದೃಶ್ಯ ಅದಕ್ಕೂ ಒಂದು ವರ್ಷ ಮೊದಲೇ ಬರೆದದ್ದು. ನಾಚಿಕೆ ಆಗುತ್ತಿದೆ.

ಸಿವಿಲ್ ಕೇಸು · ರಾತ್ರಿ 11:31

ಕಾತ್ಯಾಯನನ ಪ್ರಕಾರ ನಿಮಗೆ ಬಡ್ಡಿ ಇಲ್ಲ. ಕಾಸಾದಾಗ ಅಸಲು. ಗಿರವಿ ಅಂಗಡಿಯವನು ಕಾತ್ಯಾಯನನನ್ನು ಓದಿರುವುದಿಲ್ಲ, ಅದು ಬೇರೆ ಮಾತು.

ಹಳೇ ಲೆನ್ಸು · ರಾತ್ರಿ 11:45

ನಾಚಿಕೆ ಆಮೇಲೆ ಪಡಿ. ಮನೆಯಲ್ಲಿ ಆ ದೃಶ್ಯ ತೋರಿಸಿದ್ದೀರಾ?

ಕತ್ತಲೆಕೋಣೆ · ಬುಧವಾರ ರಾತ್ರಿ 10:10

ತೋರಿಸಿದೆ, ಇವತ್ತು. ಊಟ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ. ಲೈಟ್ ಆರಿಸಲು ಹೋದೆ, ಬೇಡ ಅಂದಳು. ಟ್ಯೂಬ್‌ಲೈಟ್ ಬೆಳಕಲ್ಲೇ ನೋಡಿದಳು. ಎರಡು ನಿಮಿಷ ಹತ್ತು ಸೆಕೆಂಡ್.

"ಚೆನ್ನಾಗಿದೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಪೆಟ್ಟಿಗೆ ಬೀಗದ ಕೈ ಯಾರ ಹತ್ತಿರ ಇತ್ತು?" ಅಂತ ಕೇಳಿದಳು.

ನನ್ನ ಸೆಟ್‌ನಲ್ಲಿ ಪೆಟ್ಟಿಗೆಗೆ ಬೀಗವೇ ಇಲ್ಲ. ಬೀಗ ಇದ್ದರೆ ಗಂಡ ತೆಗೆಯುವಾಗ ಶಬ್ದ, ತಡ, ಶಾಟ್ ಹಾಳು ಅಂತ ತೆಗೆಸಿದ್ದೆ.

ಆಮೇಲೆ ಅವಳು ಎದ್ದು ಹೋಗಿ ರವೆ ಡಬ್ಬಿ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ಗಿರವಿ ಚೀಟಿ. ಅದು ನನ್ನ ಬ್ಯಾಗಿನಲ್ಲಿದೆ ಅಂತ ನಾನು ತಿಳಿದಿದ್ದೆ. ಇಟ್ಟ ಮಾರನೇ ದಿನವೇ ತೆಗೆದುಕೊಂಡಿದ್ದಾಳಂತೆ. ಹಿಂದುಗಡೆ ಪೆನ್ಸಿಲ್‌ನಲ್ಲಿ ಪ್ರತಿ ತಿಂಗಳ ಬಡ್ಡಿ ಬರೆದಿದ್ದಾಳೆ. ಎರಡು ತಿಂಗಳದ್ದು ಅವಳೇ ಕಟ್ಟಿದ್ದಾಳೆ, ಟ್ಯೂಷನ್ ದುಡ್ಡಲ್ಲಿ.

"ನಾನಾದರೆ ಅಳುತ್ತಿರಲಿಲ್ಲ, ಚೀಟಿ ಕೇಳುತ್ತಿದ್ದೆ" ಅಂದಳು.

ಬೀದರ್ ಬಿಸಿಲು · ರಾತ್ರಿ 10:22

ಅಕ್ಕನಿಗೆ ನಮ್ಮ ಶರಣು.

ಕಲ್ಲುಹಲಗೆ · ಗುರುವಾರ ಬೆಳಿಗ್ಗೆ 6:05

ಅದೇ ಊರಲ್ಲಿ, ನಿಮ್ಮ ಕಥೆಗಿಂತ ಒಂದೆರಡು ತಲೆಮಾರಿನ ಮೇಲೆ, ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ಗೋಡೆಗೆ ತಿರುಗಿ ಕೂರಲಿಲ್ಲ. ನಮಗೆ ಬೇಕಾದ್ದು ಇಷ್ಟೇ, ಮಿಕ್ಕದ್ದು ಅಲ್ಲೇ ಸುರಿದು ಬಾ ಅಂದಳು. ನಿಮ್ಮ ನಾಯಕಿಗೆ ಮಾತು ಬರೆಯುವಾಗ ಆ ಕಾಲದ ವಚನಗಳನ್ನು ಗಟ್ಟಿಯಾಗಿ ಓದಿ. ನಾಟಕದ ಹಳಗನ್ನಡ ಬೇಡ.

ಚೀಟಿಯ ಬದಲು ಓಲೆಗರಿಯಲ್ಲಿ ಬರೆಸಬಹುದು. ಸಾಕ್ಷಿಗೆ ಇಬ್ಬರು. ತಾಯಿ ಕೊಟ್ಟ ಸರಕ್ಕೆ ಇನ್ನೊಂದು ವಿಷಯ ಗಮನದಲ್ಲಿರಲಿ. ಸ್ತ್ರೀಧನ ತಾಯಿಯಿಂದ ಮೊದಲು ಹೋಗುವುದು ಹೆಣ್ಣುಮಕ್ಕಳಿಗೆ, ಅದರಲ್ಲೂ ಮದುವೆಯಾಗದವಳಿಗೆ. ಮನೆಯಲ್ಲಿ ಒಬ್ಬ ಮಗಳಿದ್ದರೆ ಅವಳ ಕಣ್ಣೂ ಆ ಪೆಟ್ಟಿಗೆ ಮೇಲೆ ಇರುತ್ತದೆ.

ಕತ್ತಲೆಕೋಣೆ · ಶನಿವಾರ ಸಂಜೆ 7:15

ಹೊಸ ದೃಶ್ಯ ಬರೆದೆ. ಚಿಕ್ಕದಾಗಿ ಹೇಳುತ್ತೇನೆ.

ಹಗಲು. ರಾತ್ರಿ ಅಲ್ಲ, ದೀಪ ಇಲ್ಲ. ಅಂಗಳ. ಗಂಡ ಎತ್ತಿನ ಹೇರು ಕಟ್ಟುತ್ತಿದ್ದಾನೆ. ಹೆಂಡತಿ ಸೊಂಟದಿಂದ ಬೀಗದ ಕೈ ತೆಗೆದು ತಾನೇ ಪೆಟ್ಟಿಗೆ ತೆರೆಯುತ್ತಾಳೆ. ಒಡವೆಗಳನ್ನು ಒಂದೊಂದಾಗಿ ಎಣಿಸಿ ಚಾಪೆ ಮೇಲೆ ಇಡುತ್ತಾಳೆ. "ಬರವಾ?" "ಅಲ್ಲ." "ಮೈ ಸರಿ ಇದೆಯಾ?" "ಇದೆ." "ಯಾರಾದರೂ ಹಿಡಿದು ಹಾಕಿದ್ದಾರಾ?" "ಇಲ್ಲ." "ಹಾಗಾದರೆ ಬರೆದುಕೊಡಿ." ಕರಣಿಕ ಓಲೆಗರಿ ತೆಗೆದು ಬರೆಯುತ್ತಾನೆ. ಎಂಟು ವರ್ಷದ ಮಗಳು ಒಡವೆಗಳಿಂದ ಕಿವಿಯೋಲೆ ಮಾತ್ರ ತೆಗೆದು ತನ್ನ ಕಿವಿಗೆ ಹಿಡಿದು ನೋಡುತ್ತಾಳೆ. ತಾಯಿ ಅದನ್ನು ಎಣಿಕೆಯಿಂದ ಬಿಡುತ್ತಾಳೆ. ಗಂಡ ನೋಡಿಯೂ ಸುಮ್ಮನಿರುತ್ತಾನೆ.

ಕ್ಯಾಮೆರಾಗೆ ನನ್ನ ಹಳೇ ಫೋಕಸ್ ಪುಲ್ಲರ್ ಹುಡುಗನನ್ನು ಕರೆದಿದ್ದೇನೆ. ನಾನು ಆ ಹುಡುಗಿಯ ಪಕ್ಕ ಕೂತು ಎಣಿಕೆ ಅಭ್ಯಾಸ ಮಾಡಿಸಬೇಕು. ಅವಳಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. "ಈ ಸಲ ಎಷ್ಟು ಟೇಕ್ ಸರ್?" ಅಂತ ಕೇಳಿದಳು.

ಒಂದು ಫ್ರೇಮ್ ಮಾತ್ರ ನಾನೇ ಇಟ್ಟುಕೊಂಡಿದ್ದೇನೆ. ಶುರುವಿನಲ್ಲಿ ಬಿಸಿಲಂಗಳ, ಉದ್ದಕ್ಕೂ ಕೆಂಪು ಮೆಣಸಿನಕಾಯಿ ಒಣಗಲು ಹಾಕಿರುತ್ತದೆ. ಅದರಾಚೆ ಅವಳು.

ಕಲ್ಲುಹಲಗೆ · ರಾತ್ರಿ 7:40

ದೃಶ್ಯ ಚೆನ್ನಾಗಿದೆ. ಮೆಣಸಿನಕಾಯಿ ತೆಗೆಯಿರಿ. ಅದು ಪೋರ್ಚುಗೀಸರ ಜೊತೆ ಬಂದದ್ದು. ನಿಮ್ಮ ಕಲ್ಯಾಣಕ್ಕೆ ಇನ್ನೂ ನಾನೂರು ವರ್ಷ ಬಾಕಿ.

ಕತ್ತಲೆಕೋಣೆ · ರಾತ್ರಿ 7:44

ಅಯ್ಯೋ. ಕೆಂಪು ಬೇಕಿತ್ತು ಮೇಡಂ.

ಬೀದರ್ ಬಿಸಿಲು · ರಾತ್ರಿ 7:51

ಕುಸುಬೆ ಹೂ ಹರವಿ ಸರ್. ಹಳದಿಯಿಂದ ಕೇಸರಿ, ಒಣಗಿದರೆ ಕೆಂಪು. ಬಟ್ಟೆ ವ್ಯಾಪಾರಿ ಮನೆ ತಾನೇ, ಬಣ್ಣಕ್ಕೆ ಅಂತ ಒಣಗಿಸಿರುತ್ತಾರೆ. ಊರಿಂದ ಎರಡು ಚೀಲ ಕಳಿಸಲಾ?

ಗಾಂಧಿನಗರ ಗಿರಾಕಿ · ರಾತ್ರಿ 7:55

ಕಳಿಸಿ. ಬಸ್ಸಿಗೆ ಹಾಕಿ, ಮೆಜೆಸ್ಟಿಕ್‌ನಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ಬಿಲ್ಲು ಮಾತ್ರ ಕತ್ತಲೆಕೋಣೆಯ ಮನೆಯವರ ಹೆಸರಿಗೆ ಮಾಡಿಸಿ, ಲೆಕ್ಕ ಅವರ ಹತ್ತಿರವೇ ಸರಿಯಾಗಿ ಇರುತ್ತೆ.